ಶಿಖರವಿಲ್ಲದ ಗುಡ್ಡ: ಚಿಂಚೋಳಿಯ ಮಡ್ಡಿಯನ್ನು ನಡೆದು ನೋಡುವ ಬಗೆ

ಚಿಂಚೋಳಿಯಿಂದ ಕೊಂಚಾವರಂ ಕಡೆಗೆ ಹೊರಟ ಬಸ್ಸಿನಲ್ಲಿ ಕಿಟಕಿಯ ಪಕ್ಕ ಕುಳಿತವರಿಗೆ ಸ್ವಲ್ಪ ದೂರದಲ್ಲೇ ಗುಡ್ಡದ ಸಾಲು ಕಾಣತೊಡಗುತ್ತದೆ. ಮೊದಲ ಸಲ ನೋಡಿದವರು ಹೇಳುವ ಮಾತೆಂದರೆ, ಯಾರೋ ಎಲ್ಲ ಗುಡ್ಡಗಳ ತಲೆಯನ್ನೂ ಒಂದೇ ಮಟ್ಟಕ್ಕೆ ಸವರಿಟ್ಟಂತಿದೆ ಎಂಬುದು. ಆ ಮಾತು ಸರಿಯಾಗಿಯೇ ಇದೆ. ಕಲಬುರಗಿ ಜಿಲ್ಲೆಯ ಈಶಾನ್ಯ ಮೂಲೆಯ ಈ ಗುಡ್ಡಗಳಿಗೆ ಶಿಖರವೆಂಬುದಿಲ್ಲ. ಹತ್ತಿ ಮೇಲೆ ಹೋದರೆ ಸಿಗುವುದು ಹುಲ್ಲು, ಕುರುಚಲು ಪೊದೆ ಮತ್ತು ಕೆಂಪು ಹರಳುಗಲ್ಲು ಹಾಸಿದ ಸಮತಟ್ಟಾದ ಬಯಲು. ಇಂಥ ಕಲ್ಲುನೆಲಕ್ಕೆ ನಮ್ಮ ಕಡೆ ಮಡ್ಡಿ ಎನ್ನುತ್ತಾರೆ. ಬಿತ್ತನೆಗೆ ಒಗ್ಗದ, ದನಕುರಿಗಳಿಗೆ ಬಿಟ್ಟ ನೆಲವೆಂಬ ಅರ್ಥದಲ್ಲಿ ಆ ಪದವನ್ನು ಸ್ವಲ್ಪ ತಾತ್ಸಾರದಿಂದಲೇ ಬಳಸುತ್ತಾರೆ. ಅದೇ ಕಾರಣಕ್ಕೋ ಏನೋ, ಚಂದ್ರಂಪಳ್ಳಿ ಜಲಾಶಯದವರೆಗೆ ಬಂದ ಜನರೂ ಮಡ್ಡಿಯನ್ನು ಹತ್ತದೆ ಹಿಂದಿರುಗುತ್ತಾರೆ. ನನ್ನ ಅನುಭವದಲ್ಲಿ ಈ ನೆಲವನ್ನು ನೋಡಲು ಒಂದು ಕ್ರಮವಿದೆ. ಮಡ್ಡಿಯ ನಡುವೆ ನಿಂತರೆ ಏನೂ ತಿಳಿಯುವುದಿಲ್ಲ. ಅದರ ಅಂಚನ್ನು ಹಿಡಿದು ನಡೆದರೆ ಎಲ್ಲವೂ ತಿಳಿಯುತ್ತದೆ. ಆ ಅಂಚನ್ನು ತಲುಪುವುದು, ಅದರ ಮೇಲೆ ನಡೆಯುವುದು, ಕತ್ತಲಾಗುವ ಮೊದಲು ಕ್ಷೇಮವಾಗಿ ಕೆಳಗಿಳಿಯುವುದು ಹೇಗೆ ಎಂಬುದನ್ನು ಇಲ್ಲಿ ವಿವರವಾಗಿ ಬರೆದಿದ್ದೇನೆ.

ನಡೆಯುವ ಮೊದಲು ಗುಡ್ಡ ಹೇಗೆ ಆಯಿತೆಂಬುದನ್ನು ತಿಳಿದಿರಬೇಕು, ಏಕೆಂದರೆ ದಾರಿ, ನೀರು, ನೆರಳು ಎಲ್ಲವೂ ಅದನ್ನೇ ಅವಲಂಬಿಸಿವೆ. ಸುಮಾರು 6.6 ಕೋಟಿ ವರ್ಷಗಳ ಹಿಂದೆ ದಖ್ಖನ್ನಿನ ಮೇಲೆ ಹರಿದ ಲಾವಾ ಪದರಪದರವಾಗಿ ಗಟ್ಟಿಯಾಗಿ ಕರಿಗಲ್ಲಾಯಿತು. ಅದಾದ ಮೇಲೆ ಬಹುಕಾಲ ಒಂದು ಋತುವಿನ ಮಳೆಗೂ ಇನ್ನೊಂದು ಋತುವಿನ ಬಿಸಿಲಿಗೂ ಒಡ್ಡಿಕೊಂಡ ಮೇಲ್ಪದರದಿಂದ ಕರಗುವಂಥದ್ದೆಲ್ಲ ಕರಗಿ ಹೋಗಿ, ಕರಗದ ಕಬ್ಬಿಣ ಮತ್ತು ಅಲ್ಯುಮಿನಿಯಂ ಅಂಶಗಳು ಕೆಂಪು ಚಿಪ್ಪಿನಂತೆ ಉಳಿದುಕೊಂಡವು. ಇದೇ ಜಂಬಿಟ್ಟಿಗೆ ಕಲ್ಲು, ಭೂವಿಜ್ಞಾನದ ಮಾತಿನಲ್ಲಿ ಲ್ಯಾಟರೈಟ್. ಹಳ್ಳಗಳು ಕೆಳಗಿನ ಮೆತ್ತನೆಯ ಭಾಗವನ್ನು ಕೊರೆದೊಯ್ದ ಕಡೆ ಕಣಿವೆಗಳಾದವು. ಚಿಪ್ಪು ಗಟ್ಟಿಯಾಗಿ ನಿಂತ ಕಡೆ ಚಪ್ಪಟೆ ತಲೆಯ ಗುಡ್ಡಗಳು ಉಳಿದವು. ಎಲ್ಲ ಗುಡ್ಡಗಳೂ ಹೆಚ್ಚುಕಡಿಮೆ ಒಂದೇ ಮಟ್ಟದಲ್ಲಿ ಕಾಣುವುದು ಅದಕ್ಕಾಗಿಯೇ: ಅವೆಲ್ಲ ಒಂದು ಕಾಲದಲ್ಲಿ ಒಂದೇ ಬಯಲಿನ ತುಂಡುಗಳಾಗಿದ್ದವು.

ಇದನ್ನು ಓದಿ ತಿಳಿಯುವುದಕ್ಕಿಂತ ಕೈಯಲ್ಲಿ ಹಿಡಿದು ತಿಳಿಯುವುದು ಸುಲಭ. ಹತ್ತುವ ದಾರಿಯಲ್ಲಿ ಮೊದಲು ಸಿಗುವ ಕರಿಗಲ್ಲಿನ ಒಂದು ತುಣುಕನ್ನೂ, ಮೇಲೆ ಸಿಗುವ ಕೆಂಪುಕಲ್ಲಿನ ಒಂದು ತುಣುಕನ್ನೂ ಅಕ್ಕಪಕ್ಕ ಇಡಿ. ಕರಿಗಲ್ಲು ನುಣುಪು, ತೂಕ ಹೆಚ್ಚು. ಕೆಂಪುಕಲ್ಲಿನ ಮೈತುಂಬ ಜೇನುಹುಟ್ಟಿನಂತೆ ತೂತುಗಳು. ಒಳಗೋಡೆಗೆ ಅರಿಶಿನ ಬಣ್ಣದ ಮಣ್ಣು ಮೆತ್ತಿಕೊಂಡಿರುತ್ತದೆ, ಬೆರಳು ತೂರಿಸಿದರೆ ಉಗುರಿನ ಸಂದಿಗೂ ಹಳದಿ ಹತ್ತುತ್ತದೆ. ಈಗ ನೀರಿನ ಬಾಟಲಿಯ ಮುಚ್ಚಳದಲ್ಲಿ ಒಂದಿಷ್ಟು ನೀರು ತೆಗೆದುಕೊಂಡು ಎರಡರ ಮೇಲೂ ಸುರಿಯಿರಿ. ಕರಿಗಲ್ಲಿನ ಮೇಲೆ ಬಿದ್ದದ್ದು ಜಾರಿ ನೆಲಕ್ಕೆ ಹೋಗುತ್ತದೆ. ಕೆಂಪುಕಲ್ಲಿನ ಮೇಲೆ ಬಿದ್ದದ್ದು ಒಂದು ಕ್ಷಣ ಹೊಳೆದು ಒಳಗೆ ಇಂಗುತ್ತದೆ, ಕಿವಿಯನ್ನು ಹತ್ತಿರ ತಂದರೆ ಸಣ್ಣ ಚಿಟಿಚಿಟಿ ಸದ್ದು ಕೇಳುತ್ತದೆ. ಮಡ್ಡಿಯ ಮೇಲೆ ಬಿದ್ದ ಮಳೆಗೂ ಇದೇ ಆಗುತ್ತದೆ. ಮೇಲೆ ಹಳ್ಳವಾಗಿ ಹರಿಯದೆ ಕೆಳಗಿಳಿದ ನೀರು, ಕೆಂಪುಪದರದ ತಳದಲ್ಲಿರುವ ಬಿಳಿಚು ಜೇಡಿಮಣ್ಣನ್ನು ದಾಟಲಾರದೆ ಅಡ್ಡಕ್ಕೆ ಸರಿದು, ಗುಡ್ಡದ ಪಕ್ಕೆಯಲ್ಲಿ ಎಲ್ಲೋ ಒಂದು ಕಡೆ ಒರತೆಯಾಗಿ ಹೊರಬೀಳುತ್ತದೆ.

ಬೀದರಿಗೆ ಹೋಗಿಬಂದವರಿಗೆ ಈ ಸಂಗತಿ ಹೊಸದೇನಲ್ಲ, ಹಾಗೆಂದು ಅವರು ಗುರುತಿಸಿರಲಿಕ್ಕಿಲ್ಲ ಅಷ್ಟೇ. ಝರಣಿ ನರಸಿಂಹನ ಗುಹೆಯಲ್ಲಿ ಎದೆಮಟ್ಟದ ನೀರಿನಲ್ಲಿ ನಡೆದು ದೇವರ ದರ್ಶನ ಮಾಡುವಾಗ ನಮ್ಮ ಎರಡೂ ಪಕ್ಕದಲ್ಲಿರುವುದು ಇದೇ ಕೆಂಪುಕಲ್ಲು; ಗುರುನಾನಕ್ ಝೀರಾದ ಬತ್ತದ ಚಿಲುಮೆಯೂ ಇದೇ ಕಲ್ಲಿನ ಬುಡದಲ್ಲಿ ಹುಟ್ಟಿದ್ದು. ಬಹಮನಿ ಅರಸರ ಕಾಲದಲ್ಲಿ ನೌಬಾದ್‌ನಲ್ಲಿ ಕೊರೆದ ಕರೇಜ್, ಅಂದರೆ ಜನ ಸುರಂಗ ಬಾವಿ ಎನ್ನುವ ನೆಲದೊಳಗಿನ ಕಾಲುವೆ, ಈ ನೀರನ್ನು ಇಳಿಜಾರಿನಲ್ಲಿ ಊರಿನ ಕಡೆಗೆ ನಡೆಸುವ ಉಪಾಯವೇ ಆಗಿತ್ತು. ಸಾಧ್ಯವಾದರೆ ಚಿಂಚೋಳಿಗೆ ಬರುವ ಮೊದಲು ಒಂದು ದಿನ ಬೀದರಿನಲ್ಲಿ ಇವನ್ನು ನೋಡಿ ಬನ್ನಿ. ಕೆಂಪುಕಲ್ಲೂ ಕರಿಗಲ್ಲೂ ಕೂಡುವ ಗೆರೆ ಅಲ್ಲಿ ಕಟ್ಟಡಗಳ ನಡುವೆ ಅಡಗಿದೆ, ಚಿಂಚೋಳಿಯಲ್ಲಿ ಬಯಲಿಗೆ ಬಿದ್ದಿದೆ.

ಯಾವಾಗ ಹೋಗಬೇಕು ಎಂಬುದನ್ನು ಮಳೆ ನಕ್ಷತ್ರಗಳ ಲೆಕ್ಕದಲ್ಲಿ ಹೇಳುವುದೇ ನಮಗೆ ಸುಲಭ. ಮಿರಗದ ಮಳೆ ಬಿದ್ದ ಜೂನ್ ತಿಂಗಳಿಂದ ಹಸ್ತಾ ಮಳೆಯ ತನಕ ಗುಡ್ಡದ ಬುಡದ ಎರೆ ಹೊಲಗಳನ್ನು ದಾಟುವುದೇ ದೊಡ್ಡ ಕೆಲಸ; ಹತ್ತು ಹೆಜ್ಜೆಗೆ ಒಂದೊಂದು ಬೂಟಿಗೆ ಸೇರಿನಷ್ಟು ಕರಿಮಣ್ಣು ಹತ್ತುತ್ತದೆ. ಮಿರಗದ ಹುಳುಗಳು, ಅಂದರೆ ಮಕಮಲ್ಲಿನಂಥ ಕೆಂಪು ಹುಳುಗಳು, ನೆಲದ ಮೇಲೆ ಹರಿದಾಡುವ ಆ ಒಂದು ವಾರವನ್ನು ನೋಡುವ ಆಸೆಯಿದ್ದವರು ಬುಡದಲ್ಲಿಯೇ ನೋಡಿ ಹಿಂದಿರುಗುವುದು ಒಳ್ಳೆಯದು. ಸ್ವಾತಿ ಮಳೆ ಮುಗಿದ ಮೇಲೆ, ನವೆಂಬರ್ ಎರಡನೆಯ ವಾರದಿಂದ ಜನವರಿಯ ಕೊನೆಯವರೆಗಿನ ಕಾಲವೇ ಮಡ್ಡಿಗೆ ಹೇಳಿಮಾಡಿಸಿದ್ದು. ಹುಲ್ಲು ಸೊಂಟದೆತ್ತರ ಬೆಳೆದು ಹೊನ್ನಿನ ಬಣ್ಣಕ್ಕೆ ತಿರುಗಿರುತ್ತದೆ, ಒರತೆಗಳಲ್ಲಿ ಇನ್ನೂ ನೀರಿರುತ್ತದೆ, ಕೆಳಗಿನ ಹೊಲಗಳಲ್ಲಿ ತೊಗರಿ ಕಾಯಿಕಟ್ಟಿ ನಿಂತಿರುತ್ತದೆ. ಫೆಬ್ರವರಿ, ಮಾರ್ಚಿನಲ್ಲಿ ಎಲೆ ಉದುರಿಸಿಕೊಂಡ ಮುತ್ತುಗದ ಮರಗಳು ಹೂಬಿಟ್ಟು ಪಕ್ಕೆಗಳೆಲ್ಲ ಕೆಂಡದಂತೆ ಕಾಣುವುದು ನಿಜವಾದರೂ, ಅದೇ ಕಾಲದಲ್ಲಿ ಒಣಹುಲ್ಲಿಗೆ ಬೆಂಕಿ ತಗಲುವ ಭಯವೂ ಇರುತ್ತದೆ. ಏಪ್ರಿಲ್, ಮೇ ತಿಂಗಳಲ್ಲಿ ಇಲ್ಲಿಯ ಬಿಸಿಲು 40 ಡಿಗ್ರಿ ದಾಟುತ್ತದೆ ಮತ್ತು ಮಡ್ಡಿಯ ಮೇಲೆ ಒಬ್ಬ ಮನುಷ್ಯ ಕೂರುವಷ್ಟು ನೆರಳೂ ಸಿಗುವುದಿಲ್ಲ, ಆಗ ಹೋಗಲೇಬಾರದು.

ಈ ಗುಡ್ಡಗಳ ಬಹುಭಾಗ ಚಿಂಚೋಳಿ ವನ್ಯಜೀವಿ ಧಾಮಕ್ಕೆ ಸೇರಿದೆ. 2011ರಲ್ಲಿ ಘೋಷಣೆಯಾದ ಈ ಧಾಮದ ವಿಸ್ತೀರ್ಣ 134.88 ಚದರ ಕಿಲೋಮೀಟರ್. 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯ ಪ್ರಕಾರ ಧಾಮದೊಳಗೆ ಅನುಮತಿಯಿಲ್ಲದೆ ಕಾಲಿಡುವಂತಿಲ್ಲ. ಆದ್ದರಿಂದ ಹಿಂದಿನ ದಿನವೇ ಚಿಂಚೋಳಿಯ ಅರಣ್ಯ ಕಚೇರಿಗೆ ಹೋಗಿ, ಯಾವ ಕಡೆಯಿಂದ ಹತ್ತುತ್ತೀರಿ, ಎಷ್ಟು ಜನ, ಎಷ್ಟು ಹೊತ್ತಿಗೆ ಇಳಿಯುತ್ತೀರಿ ಎಂಬುದನ್ನು ಬರೆದುಕೊಟ್ಟು ಅನುಮತಿ ಪಡೆಯಿರಿ; ದಾರಿ ಬಲ್ಲ ಕಾವಲುಗಾರರೊಬ್ಬರನ್ನು ಜೊತೆಗೆ ಕೇಳಿಕೊಳ್ಳಿ. ಇದನ್ನು ಕಿರಿಕಿರಿಯ ಔಪಚಾರಿಕತೆಯೆಂದು ತಿಳಿಯಬೇಡಿ. ತೋಳ, ಕತ್ತೆಕಿರುಬ, ಕೃಷ್ಣಮೃಗ, ಕೊಂಡುಕುರಿಗಳು ಬದುಕುವ ಜಾಗವಿದು, ಮತ್ತು ನೀವು ಇಳಿಯದೆ ಉಳಿದರೆ ಹುಡುಕಲು ಬರುವವರೂ ಅದೇ ಜನ.

ಕಲಬುರಗಿಯಿಂದ ಚಿಂಚೋಳಿಗೆ ಸಾರಿಗೆ ಬಸ್ಸುಗಳಿವೆ. ರೈಲಿನಲ್ಲಿ ಬರುವವರು ತೆಲಂಗಾಣದ ತಾಂಡೂರಿನಲ್ಲಿ ಇಳಿದೂ ಬರಬಹುದು. ಮಡ್ಡಿಯ ಬುಡದ ತಾಂಡಾಗಳಿಗೆ ಬಸ್ಸಿನ ಓಡಾಟ ಕಡಿಮೆ, ಹಿಂದಿರುಗುವ ಬಸ್ಸಿನ ಹೊತ್ತನ್ನು ಬೆಳಿಗ್ಗೆ ಕಂಡಕ್ಟರನ್ನೇ ಕೇಳಿ ಬರೆದಿಟ್ಟುಕೊಳ್ಳಿ. ಭಾರತೀಯ ಸರ್ವೇಕ್ಷಣಾ ಇಲಾಖೆಯ 1:50,000 ಪ್ರಮಾಣದ ನಕಾಶೆಯನ್ನು ಮುದ್ರಿಸಿಕೊಂಡು ಹೋಗಿ. ಅದರಲ್ಲಿ 2 ಸೆಂಟಿಮೀಟರ್ ಎಂದರೆ ನೆಲದ ಮೇಲೆ 1 ಕಿಲೋಮೀಟರ್. ನಕಾಶೆಯ ಸಮೋನ್ನತಿ ರೇಖೆಗಳು, ಅಂದರೆ ಒಂದೇ ಎತ್ತರದ ಜಾಗಗಳನ್ನು ಜೋಡಿಸುವ ಗೆರೆಗಳು, ಒಂದರ ಮೇಲೊಂದು ಬಿದ್ದಂತೆ ಒತ್ತಾಗಿರುವುದು ಅಂಚು. ಆ ರೇಖೆಗಳು ಗುಡ್ಡದ ಒಳಮುಖವಾಗಿ ಚೂಪಾಗಿ ಬಾಗಿ ಸ್ವಲ್ಪ ಸಡಿಲವಾಗಿರುವ ಜಾಗಗಳು ಕೊರಕಲುಗಳು. ಹತ್ತಲು, ಇಳಿಯಲು ಆಗುವುದು ಆ ಕೊರಕಲುಗಳಲ್ಲಿ ಮಾತ್ರ. ಮನೆಯಲ್ಲಿಯೇ ಎರಡು ಕೊರಕಲುಗಳನ್ನು ಪೆನ್ಸಿಲಿನಲ್ಲಿ ಗುರುತು ಮಾಡಿಕೊಳ್ಳಿ: ಒಂದು ಹತ್ತುವುದಕ್ಕೆ, ಇನ್ನೊಂದು ಆಪತ್ತಿಗೆ. ಮೊಬೈಲ್ ಸಿಗ್ನಲ್ಲನ್ನು ನಂಬಬೇಡಿ. ನಕಾಶೆಯನ್ನು ಮೊದಲೇ ಫೋನಿಗೆ ಇಳಿಸಿಕೊಂಡಿದ್ದರೆ ಒಳ್ಳೆಯದು, ಕಾಗದದ ಪ್ರತಿ ಇದ್ದರೆ ಇನ್ನೂ ಒಳ್ಳೆಯದು.

ಒಬ್ಬರಿಗೆ ಕನಿಷ್ಠ 4 ಲೀಟರ್ ನೀರು, ಹಣೆಗೆ ನೆರಳಾಗುವ ಟೋಪಿ ಅಥವಾ ರುಮಾಲು, ಪಾದದ ಗಂಟು ಮುಚ್ಚುವ ಗಟ್ಟಿ ಬೂಟು, ಉದ್ದ ಪ್ಯಾಂಟು, ಎದೆಯೆತ್ತರದ ಒಂದು ಕೋಲು, ಒಂದು ಟಾರ್ಚು. ಬುತ್ತಿಗೆ ಖಡಕ್ ಜೋಳದ ರೊಟ್ಟಿ, ಶೇಂಗಾ ಹಿಂಡಿ, ಒಂದು ಉಳ್ಳಾಗಡ್ಡಿ ಸಾಕು. ಕೆಡುವುದಿಲ್ಲ, ಒಲೆ ಬೇಕಿಲ್ಲ. ಬೆಂಕಿಪೆಟ್ಟಿಗೆಯನ್ನು ತರಲೇಬೇಡಿ.

ಬೆಳಿಗ್ಗೆ ಏಳರೊಳಗೆ ಬುಡದ ತಾಂಡಾದಲ್ಲಿ ಇರಬೇಕು. ಚಿಂಚೋಳಿ ಸೀಮೆಯ ಗುಡ್ಡಗಳ ಬುಡದಲ್ಲಿ ಲಂಬಾಣಿ ತಾಂಡಾಗಳು ಬಹಳ. ಮನೆಯೊಳಗೆ ಗೋರ್ ಬೋಲಿ, ಸಂತೆಯಲ್ಲಿ ಕನ್ನಡ, ಗಡಿಯಾಚೆಯ ನೆಂಟರ ಜೊತೆ ತೆಲುಗು ಎಂದು ಮೂರು ಭಾಷೆಗಳಲ್ಲಿ ದಿನ ಕಳೆಯುವ ಈ ಜನರಿಗಿಂತ ಚೆನ್ನಾಗಿ ಮಡ್ಡಿಯನ್ನು ಬಲ್ಲವರು ಬೇರೆ ಯಾರೂ ಇಲ್ಲ. ‘ಆಡು ಯಾವ ದಾರಿಯಿಂದ ಮೇಲೆ ಹೋಗ್ತಾವ?’ ಎಂದು ಕೇಳಿ. ‘ಗುಡ್ಡಕ್ಕೆ ದಾರಿ ಯಾವುದು?’ ಎಂದು ಕೇಳಿದರೆ ಗಾಡಿದಾರಿ ತೋರಿಸುತ್ತಾರೆ, ಅದು ಸುತ್ತು. ನೀರು ಎಲ್ಲಿ ನಿಂತಿದೆ, ಯಾವ ಕಡೆ ಕುರಿಹಟ್ಟಿ ಬೀಡುಬಿಟ್ಟಿದೆ ಎಂಬುದನ್ನೂ ಆಗಲೇ ತಿಳಿದುಕೊಳ್ಳಿ. ಹೊಲವನ್ನು ಬದುವಿನ ಮೇಲೆಯೇ ದಾಟಬೇಕು. 2019ರಲ್ಲಿ ಭೌಗೋಳಿಕ ಸೂಚಕ ಮಾನ್ಯತೆ ಪಡೆದ ಕಲಬುರಗಿಯ ತೊಗರಿ ಬೆಳೆಯುವುದು ಇಂಥ ಹೊಲಗಳಲ್ಲಿಯೇ, ಮತ್ತು ಒಣಗಿದ ತೊಗರಿಕಾಯಿ ತೊಡೆ ತಗಲಿದರೂ ಸಿಡಿದು ಕಾಳು ಉದುರಿಸುತ್ತದೆ.

ಕೊರಕಲಿನ ಏರು ಮುಕ್ಕಾಲು ಗಂಟೆಯದು. ಮೊದಲು ಕರಿಗಲ್ಲಿನ ಮೆಟ್ಟಿಲುಗಳಂಥ ಪದರಗಳು, ನಡುವೆ ತೇಗ, ದಿಂಡಿಗ, ಸೀತಾಫಲದ ಗಿಡಗಳು. ಸೀತಾಫಲ ಹಣ್ಣಾಗಿದ್ದರೂ ಕೀಳಬೇಡಿ. ಅರ್ಧ ದಾರಿ ಕಳೆದ ಮೇಲೆ ಕಾಲಡಿಯ ಮಣ್ಣು ಬೂದಿಬಣ್ಣಕ್ಕೂ ಆಮೇಲೆ ನಸುಗುಲಾಬಿಗೂ ತಿರುಗುವ ಜಾಗವೊಂದು ಬರುತ್ತದೆ. ಇಲ್ಲಿ ನಿಧಾನಿಸಿ. ಮೇಲೆ ಹೇಳಿದ ಜೇಡಿಯ ಪದರ ಇದೇ. ಎಡಕ್ಕೂ ಬಲಕ್ಕೂ ಇದೇ ಮಟ್ಟದಲ್ಲಿ ಕಣ್ಣು ಹಾಯಿಸಿದರೆ, ಉಳಿದೆಲ್ಲ ಕಡೆ ಹುಲ್ಲು ಒಣಗಿದ್ದರೂ ಗುಡ್ಡದ ಪಕ್ಕೆಯಲ್ಲಿ ಒಂದು ಹಸಿರು ಪಟ್ಟಿ ಸೆರಗಿನ ಅಂಚಿನಂತೆ ಸಾಗಿರುವುದು ಕಾಣುತ್ತದೆ. ಆ ಪಟ್ಟಿಯಲ್ಲಿ ಕಡುಹಸಿರು ಎಲ್ಲಿ ಗುಂಪಾಗಿದೆಯೋ ಅಲ್ಲಿ ಒರತೆ. ನಕಾಶೆಯ ಮೇಲೆ ಅದನ್ನು ಗುರುತು ಮಾಡಿ, ಮೇಲೆ ಹೋಗಿ.

ಮೇಲೆ ತಲುಪಿದ ತಕ್ಷಣ ಮಾಡಬೇಕಾದ ಮೊದಲ ಕೆಲಸವೆಂದರೆ ಹಿಂದಿರುಗಿ ನೋಡುವುದು. ಹತ್ತಿ ಬಂದ ಕೊರಕಲಿನ ಬಾಯಿ ಮೇಲಿನಿಂದ ಹೇಗೆ ಕಾಣುತ್ತದೆ, ಅದರ ಪಕ್ಕದಲ್ಲಿ ಯಾವ ಮರವಿದೆ ಎಂಬುದನ್ನು ಮನಸ್ಸಿಗೆ ತಂದುಕೊಂಡು, ಒಂದು ಚಿತ್ರ ತೆಗೆದು, ಅಲ್ಲಿ ಐದಾರು ಕಲ್ಲುಗಳನ್ನು ಒಂದರ ಮೇಲೊಂದು ಪೇರಿಸಿಡಿ. ಇಳಿಯುವಾಗ ಮತ್ತೆ ಬಿಚ್ಚಿ ಹಾಕಿ. ಇದನ್ನು ನಾನು ಒತ್ತಿ ಹೇಳಲು ಕಾರಣವಿದೆ. ಒಂದು ಡಿಸೆಂಬರಿನಲ್ಲಿ ಗುರುತು ಮಾಡದೆ ಮಡ್ಡಿಯ ನಡುವಿಗೆ ನಡೆದುಬಿಟ್ಟೆ. ನಾಲ್ಕೂ ದಿಕ್ಕಿಗೆ ಅದೇ ಹುಲ್ಲು, ಅದೇ ಕಾರೆಕಂಟಿ, ಅದೇ ಕೆಂಪು ಹರಳು. ಕೆಳಗಿನ ಕಣಿವೆ ಎಲ್ಲಿಯೂ ಕಾಣುತ್ತಿರಲಿಲ್ಲ. ಸಂಜೆ ಸಿಕ್ಕ ಮೊದಲ ಕೊರಕಲಿನಲ್ಲಿ ಇಳಿಯತೊಡಗಿದೆ. ಅದು ಅರ್ಧದಲ್ಲಿ ಎರಡಾಳೆತ್ತರದ ಕಡಿದಾದ ಕಲ್ಲಿನಲ್ಲಿ ಮುಗಿಯಿತು. ಮತ್ತೆ ಮೇಲೆ ಹತ್ತಿ, ಕತ್ತಲಲ್ಲಿ ಅಂಚನ್ನು ತಡವುತ್ತ, ಕೊನೆಗೆ ಇಳಿದದ್ದು ಗುಡ್ಡದ ಆಚೆ ಮಗ್ಗುಲಿನ ಬೇರೊಂದು ತಾಂಡಾಕ್ಕೆ. ಆ ರಾತ್ರಿ ನನಗೆ ಜಗುಲಿ ಕೊಟ್ಟು, ಬಿಸಿರೊಟ್ಟಿ ಪುಂಡಿಪಲ್ಲೆ ಬಡಿಸಿದ ಮನೆಯ ಹಿರಿಯರು ಹೇಳಿದ ಮಾತು ಇಷ್ಟೇ: ‘ಮಡ್ಡಿ ಮ್ಯಾಲ ಅಂಚ ಬಿಡಬಾರ್ದು.’

ಆದ್ದರಿಂದ ಅಂಚನ್ನು ಬಲಗೈಗೋ ಎಡಗೈಗೋ ಇಟ್ಟುಕೊಂಡು, ಅದರಿಂದ ಹತ್ತು ಹೆಜ್ಜೆ ಒಳಗೆ, ಒಂದೇ ದಿಕ್ಕಿನಲ್ಲಿ ನಡೆಯಿರಿ. ತೀರ ತುದಿಗೆ ಹೋಗಬೇಡಿ. ಕೆಂಪುಕಲ್ಲಿನ ಚಿಪ್ಪಿನ ಕೆಳಗೆ ಜೇಡಿ ಕೊರೆದುಹೋಗಿ ಚಿಪ್ಪು ಸೂರಿನಂತೆ ಹೊರಚಾಚಿರುತ್ತದೆ, ಅದರಲ್ಲಿ ಉದ್ದುದ್ದ ಬಿರುಕುಗಳಿದ್ದರೆ ಅದು ಮುಂದೆ ಕಳಚಿಬೀಳುವ ಬಂಡೆ. ಕಾಲಡಿಯ ಹರಳುಗಳು ಕಡಲೆಕಾಳಿನಂತೆ ದುಂಡಗಿರುವುದರಿಂದ ಇಳಿಜಾರಿನಲ್ಲಿ ಗೋಲಿಯ ಮೇಲೆ ಕಾಲಿಟ್ಟಂತೆ ಜಾರುತ್ತದೆ. ಅಂಥಲ್ಲಿ ಪಾದವನ್ನು ಅಡ್ಡ ಮಾಡಿ ಇಡಬೇಕು. ಗಂಟೆಗೆ 2 ಕಿಲೋಮೀಟರಿಗಿಂತ ಹೆಚ್ಚು ನಡೆಯುವ ಲೆಕ್ಕ ಹಾಕಬೇಡಿ. ಹಾಗೆ ನಡೆಯುವಾಗ ಒಂದು ಕಡೆ ಮಡ್ಡಿಯ ಹುಲ್ಲುಗಾವಲು, ಇನ್ನೊಂದು ಕಡೆ ಕೆಳಗೆ ಕರಿನೆಲದ ಹೊಲಗಳು, ಮುಲ್ಲಾಮಾರಿ ನದಿಯ ಕಡೆಗೆ ಹೋಗುವ ಹಳ್ಳಗಳು, ಎದುರಿಗೆ ಅದೇ ಎತ್ತರದಲ್ಲಿ ನಿಂತ ಇನ್ನೊಂದು ಚಪ್ಪಟೆ ಗುಡ್ಡ. ಈ ಹಳ್ಳಗಳ ನೀರು ಮುಲ್ಲಾಮಾರಿಯಿಂದ ಕಾಗಿಣಾ ಸೇರಿ, ರಾಷ್ಟ್ರಕೂಟರ ಮಳಖೇಡದ ಕೋಟೆಯ ಬುಡವನ್ನು ತಾಕಿ, ಭೀಮೆಗೆ ಹೋಗುತ್ತದೆ.

ಹುಲ್ಲಿನಲ್ಲಿ ನಡೆದ ಸ್ವಲ್ಪ ಹೊತ್ತಿಗೆ ಕಾಲುಚೀಲಕ್ಕೆ ಸೂಜಿಯಂಥ ಬೀಜಗಳು ನಾಟಿಕೊಳ್ಳುತ್ತವೆ. ಒಂದನ್ನು ಕಿತ್ತು ಅಂಗೈಮೇಲಿಟ್ಟು ಒಂದು ಹನಿ ನೀರು ಹಾಕಿ ನೋಡಿ. ಹಗ್ಗದಂತೆ ಹೊಸೆದುಕೊಂಡಿದ್ದ ಅದರ ಬಾಲ ನಿಧಾನವಾಗಿ ಬಿಚ್ಚಿಕೊಳ್ಳುತ್ತ ಸುತ್ತತೊಡಗುತ್ತದೆ. ಒಣಗಿದರೆ ಮತ್ತೆ ಹೊಸೆದುಕೊಳ್ಳುತ್ತದೆ. ಹಗಲಿನ ಒಣಹವೆಗೂ ರಾತ್ರಿಯ ಇಬ್ಬನಿಗೂ ಹೀಗೆ ತಿರುಗಿ ತಿರುಗಿ ಬೀಜ ತನ್ನನ್ನು ತಾನೇ ನೆಲಕ್ಕೆ ಕೊರೆದುಕೊಳ್ಳುತ್ತದೆ. ಬೊಗಸೆ ಮಣ್ಣೂ ಇಲ್ಲದ ಈ ನೆಲದಲ್ಲಿ ಸೊಂಟದೆತ್ತರದ ಹುಲ್ಲು ಬೆಳೆಯುವುದರ ಹಿಂದೆ ಇಂಥ ಉಪಾಯವಿದೆ. ಮಾರ್ಚಿನಲ್ಲಿ ಹೋದವರು ಟಿಟ್ಟಿಭ ಹಕ್ಕಿ ತಲೆಯ ಮೇಲೆ ಸುತ್ತುತ್ತ ಅರಚತೊಡಗಿದರೆ ನಿಂತಲ್ಲೇ ನಿಂತು ನೆಲವನ್ನು ನೋಡಬೇಕು. ಗೂಡೆಂಬುದಿಲ್ಲ, ಹರಳುಗಳ ನಡುವೆ ಸಣ್ಣ ಕುಳಿ, ಅದರಲ್ಲಿ ಚೂಪುತುದಿ ಒಳಮುಖವಾಗಿ ಜೋಡಿಸಿದ ನಾಲ್ಕು ಚುಕ್ಕೆಮೊಟ್ಟೆಗಳು. ಕಲ್ಲಿಗೂ ಮೊಟ್ಟೆಗೂ ವ್ಯತ್ಯಾಸ ತಿಳಿಯದೆ ಕಾಲಿಡುವುದು ಬಹಳ ಸುಲಭ. ಬಂದ ಹೆಜ್ಜೆಯಲ್ಲೇ ಹಿಂದಕ್ಕೆ ಸರಿದು ದೂರದಿಂದ ಸುತ್ತಿ ಹೋಗಿ.

ಅಪಾಯಗಳಲ್ಲಿ ಮೊದಲನೆಯದು ಸಿಡಿಲು. ಮಡ್ಡಿಯ ಮೇಲೆ ನಿಂತ ಮನುಷ್ಯನೇ ಸುತ್ತಲಿನ ಎಲ್ಲಕ್ಕಿಂತ ಎತ್ತರ. ಮಿಂಚು ಕಂಡು ಮೂವತ್ತು ಎಣಿಸುವುದರೊಳಗೆ ಗುಡುಗು ಕೇಳಿಸಿದರೆ ಸಿಡಿಲು ಹತ್ತಿರವಿದೆ ಎಂದರ್ಥ; ಒಂಟಿ ಮರದಡಿ ನಿಲ್ಲದೆ ಹತ್ತಿರದ ಸುರಕ್ಷಿತ ಕೊರಕಲಿನಲ್ಲಿ ಇಳಿಯಿರಿ. ಎರಡನೆಯದು ಹಾವು. ಬಿಸಿಲಿಗೆ ಕಾದ ಕೆಂಪುಕಲ್ಲಿನ ಸಂದಿಗಳಲ್ಲಿ ಗರಗಸ ಮಂಡಲ ಇರುತ್ತದೆ. ಮೈ ಉಜ್ಜಿ ಸರಸರ ಸದ್ದು ಮಾಡುವ ಗೇಣುದ್ದದಿಂದ ಮೊಳದುದ್ದದ ಹಾವದು. ಕೂರುವ ಮೊದಲು ಕೋಲಿನಿಂದ ಕಲ್ಲು ತಟ್ಟಿ, ನೋಡದ ಸಂದಿಯೊಳಗೆ ಕೈ ಹಾಕಬೇಡಿ. ಕಚ್ಚಿದರೆ ಕೊಯ್ಯಬಾರದು, ಬಿಗಿಯಾಗಿ ಕಟ್ಟಬಾರದು, ನಾಟಿ ಔಷಧಕ್ಕೆ ಹೊತ್ತು ಕಳೆಯಬಾರದು. ಕಚ್ಚಿದ ಅಂಗವನ್ನು ಅಲುಗಿಸದೆ, 108ಕ್ಕೆ ಕರೆಮಾಡಿ ಆಸ್ಪತ್ರೆಗೆ ಒಯ್ಯಬೇಕು. ಇನ್ನು ಕುರಿಹಟ್ಟಿಯ ನಾಯಿಗಳು. ತೋಳದ ಜೊತೆ ಸೆಣಸುವುದು ಅವುಗಳ ಕೆಲಸ, ಅಪರಿಚಿತರನ್ನು ಕಂಡರೆ ಓಡಿಬರುವುದು ಸಹಜ. ಓಡದೆ, ಕೋಲು ಎತ್ತದೆ ನಿಂತು ಕುರಿಗಾಹಿಯನ್ನು ಕೂಗಿ. ಮಂದೆಯ ನಡುವೆ ಹಾಯಬೇಡಿ.

ಡಿಸೆಂಬರಿನಲ್ಲಿ ಸಂಜೆ ಆರಕ್ಕೆ ಮೊದಲೇ ಸೂರ್ಯ ಮುಳುಗುತ್ತಾನೆ. ಆದ್ದರಿಂದ ಮಧ್ಯಾಹ್ನ ಹನ್ನೆರಡಕ್ಕೆ ಎಲ್ಲಿಯೇ ಇರಲಿ, ಅಂಚನ್ನು ಈಗ ಇನ್ನೊಂದು ಕೈಗೆ ಇಟ್ಟುಕೊಂಡು ಹಿಂದಿರುಗತೊಡಗಿ. ಪೇರಿಸಿಟ್ಟ ಕಲ್ಲು ಬಿಚ್ಚಿ, ಅದೇ ಕೊರಕಲಿನಲ್ಲಿ ಇಳಿದು, ಬೆಳಿಗ್ಗೆ ಗುರುತಿಸಿದ ಹಸಿರು ಪಟ್ಟಿಯ ಮಟ್ಟಕ್ಕೆ ಬಂದಾಗ, ಹೊತ್ತಿದ್ದರೆ ಆಡಿನ ಕಾಲುದಾರಿಯಲ್ಲಿ ಅಡ್ಡಕ್ಕೆ ಸರಿದು ಒರತೆಯವರೆಗೆ ಹೋಗಿ. ಮೇಲೆ ಕೆಂಪು ಸೂರು, ಕೆಳಗೆ ಬಿಳಿಜೇಡಿ, ನಡುವಿನ ಬಿರುಕಿನಿಂದ ಕೈಬೆರಳಿನಷ್ಟು ದಪ್ಪದ ನೀರು, ಅದರ ಮುಂದಿನ ಕೆಸರಿನಲ್ಲಿ ಆಡಿನ ಗೊರಸುಗಳ ನಡುವೆ ಕಾಡುಹಂದಿಯದೋ ನರಿಯದೋ ಹೆಜ್ಜೆ. ಕುದಿಸದೆ ಆ ನೀರನ್ನು ಕುಡಿಯಬೇಡಿ, ಮುಖ ತೊಳೆಯಲೂ ಅದರೊಳಗೆ ಕೈ ಅದ್ದಬೇಡಿ, ಹತ್ತು ನಿಮಿಷಕ್ಕಿಂತ ಹೆಚ್ಚು ನಿಲ್ಲಬೇಡಿ. ಹೊತ್ತು ಇಳಿದಂತೆ ಅಲ್ಲಿಗೆ ಬರಬೇಕಾದ ಪ್ರಾಣಿಗಳು ನೀವು ಹೋಗುವುದನ್ನೇ ಕಾಯುತ್ತಿರುತ್ತವೆ. ಬುಡಕ್ಕೆ ಬಂದ ಮೇಲೆ ತಾಂಡಾದಲ್ಲಿ ದಾರಿ ಹೇಳಿದವರಿಗೂ, ಚಿಂಚೋಳಿಯ ಅರಣ್ಯ ಕಚೇರಿಗೂ, ಇಳಿದಿದ್ದೇವೆ ಎಂದು ತಿಳಿಸಿ ಬಸ್ಸು ಹತ್ತಿ.